ಎಂಟು ಸಸಿಯ ಪೆಟ್ಟಿಗೆಯಲ್ಲಿ ಮೂರೇ ಟೊಮೆಟೊ: ಎರಡೂವರೆ ವರ್ಷ ಬಳಸಿದ ಮೇಲೆ

2023ರ ಜೂನ್ ತಿಂಗಳಲ್ಲಿ ಕೋಲಾರದ ನಮ್ಮ ಮನೆಯ ಹಿತ್ತಲಿಗೆ ತಗಡಿನ ಮೂರು ಏರುಮಡಿ ಪೆಟ್ಟಿಗೆಗಳನ್ನು ತರಿಸಿದೆವು. ಒಂದೊಂದೂ 4 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಎತ್ತರದ್ದು. ಸತು ಲೇಪಿಸಿದ ತಗಡು, ತಳವಿಲ್ಲ. ಪ್ರತಿ ಪೆಟ್ಟಿಗೆಯ ಜೊತೆಗೆ ‘ಟೊಮೆಟೊ ಕೇಜ್’ ಎಂದು ಮಾರುವ ತಂತಿಯ ಪಂಜರಗಳು ಎಂಟೆಂಟು ಬಂದವು. ಅಂದಿನಿಂದ ಈವರೆಗೆ ಐದು ಬೆಳೆ ತೆಗೆದಿದ್ದೇನೆ. ಪೆಟ್ಟಿಗೆ ಒಳ್ಳೆಯದು; ಅದರೊಡನೆ ಬಂದ ಪಂಜರ ಮತ್ತು ಕೈಪಿಡಿಯಲ್ಲಿ ಅಚ್ಚಾದ ಸಸಿಗಳ ಲೆಕ್ಕ, ಈ ಎರಡನ್ನೂ ನಂಬಬಾರದು. ಇದೇ ಅಳತೆಯ ಪೆಟ್ಟಿಗೆಗಳನ್ನು ಬೇರೆ ಬೇರೆ ಹೆಸರಿನಲ್ಲಿ ಹಲವರು ಮಾರುತ್ತಿರುವುದರಿಂದ ನಾನು ಕೊಂಡ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ.

ಕೈಪಿಡಿಯ ಪ್ರಕಾರ ಒಂದು ಚದರ ಅಡಿಗೆ ಒಂದು ಸಸಿ, ಅಂದರೆ ಪೆಟ್ಟಿಗೆಗೆ ಎಂಟು. ನಾನು ಹಾಗೆಯೇ ನರ್ಸರಿಯಿಂದ ಟ್ರೇ ಸಸಿ ತಂದು ಮೂರೂ ಪೆಟ್ಟಿಗೆಗಳಲ್ಲಿ 24 ಸಸಿ ನೆಟ್ಟೆ. ಆ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿದ್ದರಿಂದ ಮನೆಯವರೆಲ್ಲರ ಕಣ್ಣೂ ಆ ಗಿಡಗಳ ಮೇಲೆಯೇ ಇತ್ತು. ಮೊದಲ ಒಂದು ತಿಂಗಳು ಮಡಿ ಬಹಳ ಚೆನ್ನಾಗಿ ಕಂಡಿತು. ಐದನೆಯ ವಾರಕ್ಕೆ ಗಿಡಗಳು ಒಂದರೊಳಗೊಂದು ಹೆಣೆದುಕೊಂಡು, ನಡುವಿನ ಮಣ್ಣಿಗೆ ಬಿಸಿಲು ಬೀಳದಂತಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಎಲೆಗಳು ಬಾಡುತ್ತಿದ್ದವು, ಸಂಜೆ ನೀರು ಹಾಕಿದರೆ ಚೇತರಿಸಿಕೊಳ್ಳುತ್ತಿದ್ದವು. ಹೀಗೆ ತೇವ ಏರಿಳಿದಾಗ ಬೆಳೆಯುವ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪುವುದಿಲ್ಲ. ಮಣ್ಣಿನಲ್ಲಿ ಅದು ಸಾಕಷ್ಟಿದ್ದರೂ ಕಾಯಿಯ ತಳ ಕಪ್ಪಾಗಿ ಒಳಸರಿಯುತ್ತದೆ. ನಮ್ಮಲ್ಲಿ ಮೊದಲ ಗೊಂಚಲಿನ ಅರ್ಧದಷ್ಟು ಕಾಯಿಗಳು ಹೀಗೆಯೇ ಹಾಳಾದವು. ಅದರ ಹಿಂದೆಯೇ ಬುಡದ ಎಲೆಗಳಲ್ಲಿ ಬಳೆಯೊಳಗೆ ಬಳೆ ಇಟ್ಟಂತೆ ಕಂದು ಚುಕ್ಕೆಗಳು ಕಾಣಿಸಿಕೊಂಡವು. ಇದು ಅಂಗಮಾರಿ ರೋಗ. ಮಳೆಹನಿ ಮಣ್ಣಿಗೆ ಬಿದ್ದು ಸಿಡಿದಾಗ ರೋಗದ ಬೀಜಾಣುಗಳು ಕೆಳಗಿನ ಎಲೆಗೆ ಹತ್ತುತ್ತವೆ. ಗಾಳಿಯಾಡದೆ ಎಲೆ ಒದ್ದೆಯಾಗಿಯೇ ಉಳಿದರೆ ಮೇಲಕ್ಕೂ ಹಬ್ಬುತ್ತವೆ.

ಪಂಜರದ ದೋಷ ಸೆಪ್ಟೆಂಬರ್‌ನ ಒಂದು ರಾತ್ರಿ ಬಯಲಾಯಿತು. ಪಂಜರ ಮೇಲೆ ಅಗಲ, ಕೆಳಗೆ ಕಿರಿದು. ಎತ್ತರ 3 ಅಡಿ. ಮಣ್ಣಿಗಿಳಿಯುವ ಮೂರು ಕಾಲುಗಳು ಒಂದು ಗೇಣೂ ಇಲ್ಲ. ಗಿಡಕ್ಕೆ ಭಾರ ಬರುವುದು ಮೇಲ್ಭಾಗದಲ್ಲಿ, ಹಿಡಿತವಿರುವುದು ಬುಡದ ಸಡಿಲ ಮಣ್ಣಿನಲ್ಲಿ. ಜೋರು ಗಾಳಿಯ ಜೊತೆ ಮಳೆ ಹೊಡೆದ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಒಂದು ಪಂಜರ ಮೂರು ಕಾಲಿಗೂ ಕೆಮ್ಮಣ್ಣಿನ ಮುದ್ದೆ ಅಂಟಿಸಿಕೊಂಡು ಮೇಲೆದ್ದು ಪಕ್ಕದ್ದರ ಮೇಲೆ ಒರಗಿತ್ತು. ಅದರ ಭಾರಕ್ಕೆ ಮುಂದಿನದು, ಮುಂದಿನದರ ಭಾರಕ್ಕೆ ಮತ್ತೊಂದು. ಎರಡನೆಯ ಬಳೆಯ ತಂತಿ ಕೊರೆದ ಜಾಗದಲ್ಲಿ ಕಾಂಡ ಮಡಚಿಕೊಂಡಿತ್ತು, ನಾರು ಮಾತ್ರ ಉಳಿದಿತ್ತು. ಬಣ್ಣ ತಿರುಗುತ್ತಿದ್ದ ಕಾಯಿಗಳು ಕೆಸರಿನಲ್ಲಿ ಹುದುಗಿದ್ದವು. ಮಾರಾಟಗಾರರಿಗೆ ಫೋಟೊ ಸಹಿತ ಬರೆದಾಗ ಅದೇ ಮಾದರಿಯ ಇನ್ನೆರಡು ಪಂಜರಗಳನ್ನು ಉಚಿತವಾಗಿ ಕಳುಹಿಸಿಕೊಟ್ಟರು. ಕಾಲಿನ ಉದ್ದದ ಬಗ್ಗೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ. ಆ ನೋವು ನನಗೆ ಇಂದಿಗೂ ಇದೆ.

ಮುಳಬಾಗಿಲು ತಾಲ್ಲೂಕಿನಲ್ಲಿ ಟೊಮೆಟೊ ಬೆಳೆಯುವ ನನ್ನ ಸೋದರಮಾವ ದಸರೆಗೆ ಬಂದಾಗ ಪೆಟ್ಟಿಗೆಯ ಮಣ್ಣಿಗೆ ಕೈಯಿಟ್ಟು ನೋಡಿ, “ಇಷ್ಟು ಮೆತ್ತನೆ ಮಣ್ಣಲ್ಲಿ ಏನು ನೆಟ್ರೂ ನಿಲ್ಲಲ್ಲ ಕಣಮ್ಮ. ಕಡ್ಡಿ ಕೆಳಗಿರೋ ಗಟ್ಟಿ ನೆಲಕ್ಕೆ ಇಳೀಬೇಕು” ಎಂದರು. ನಮ್ಮ ಜಿಲ್ಲೆಯ ಹೊಲಗಳಲ್ಲಿ ನೀಲಗಿರಿ ಕಡ್ಡಿ ಹೊಡೆದು, ತಂತಿ ಎಳೆದು, ದಾರದಲ್ಲಿ ಗಿಡ ಎತ್ತಿ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದರೂ, ಹಣ ಕೊಟ್ಟು ತಂದ ಸಾಮಾನು ಇರುವಾಗ ಅದು ನನಗೆ ಹೊಳೆದಿರಲಿಲ್ಲ. ಮಾವ ಮುಂದಿನ ವಾರ 7 ಅಡಿಯ ಆರು ಕಡ್ಡಿ ಕಳುಹಿಸಿದರು. ಪ್ರತಿ ಪೆಟ್ಟಿಗೆಯ ಎರಡು ಕಿರುಬದಿಗಳ ಹೊರಗೆ, ತಗಡಿಗೆ ಒತ್ತಿದಂತೆ, ನೆಲದ ಗರಸು ಅಗೆದು ಒಂದೂವರೆ ಅಡಿ ಆಳಕ್ಕೆ ಹೂಳಿದೆವು. ಕಡ್ಡಿಯಿಂದ ಕಡ್ಡಿಗೆ ಮೇಲ್ತುದಿಯಲ್ಲಿ ಜಿಐ ತಂತಿ ಬಿಗಿದು, ಅದರಿಂದ ಒಂದೊಂದು ಗಿಡಕ್ಕೂ ಒಂದೊಂದು ಸುತಲಿ ದಾರ ಇಳಿಬಿಟ್ಟೆ. ಗಿಡ ಬೆಳೆದಂತೆ ಕಾಂಡವನ್ನು ದಾರಕ್ಕೆ ಸುತ್ತುತ್ತ ಹೋಗಬೇಕು. ಗೊಂಚಲು ತೂಗುವ ಕಡೆ ಹಳೆಯ ಹತ್ತಿ ಪಂಚೆಯ ಅಂಚನ್ನು ಹರಿದು ಕಟ್ಟುತ್ತೇನೆ. ಗಂಟು ದಾರದ ಕಡೆಗಿರಬೇಕು, ಕಾಂಡದ ಸುತ್ತ ಕಿರುಬೆರಳು ತೂರುವಷ್ಟು ಸಡಿಲವಿರಬೇಕು, ಏಕೆಂದರೆ ಕಾಂಡ ಇನ್ನೂ ದಪ್ಪವಾಗುತ್ತದೆ. ಅಂದಿನಿಂದ ಎರಡು ಮಳೆಗಾಲ ಕಳೆದರೂ ಒಂದು ಗಿಡವೂ ಮಲಗಿಲ್ಲ.

ಅಂತರದ ವಿಷಯವನ್ನು ಎರಡನೆಯ ಬೆಳೆಯಲ್ಲಿ ನಾನೇ ಪರೀಕ್ಷಿಸಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯನ್ನು ಆರಿಸಿಕೊಂಡೆ. ಎಲೆಮುದುಡು ನಂಜುರೋಗ, ದುಂಡಾಣು ಸೊರಗು ರೋಗ ಮತ್ತು ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುವಂತೆ ಅದನ್ನು ರೂಪಿಸಿದ್ದಾರೆ. ಮೊದಲ ಪೆಟ್ಟಿಗೆಯಲ್ಲಿ ಎಂಟು, ಎರಡನೆಯದರಲ್ಲಿ ಐದು, ಮೂರನೆಯದರಲ್ಲಿ ಮೂರು ಸಸಿ ನೆಟ್ಟು, ಒಂದೇ ಗೊಬ್ಬರ, ಒಂದೇ ಅಳತೆಯ ನೀರು ಕೊಟ್ಟು, ಕೊಯ್ದಾಗಲೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟೆ. ಎಂಟು ಗಿಡಗಳಿಂದ ಅಡುಗೆಗೆ ಬರುವಂಥ ಹಣ್ಣು 7 ಕೆ.ಜಿ. ಸಿಕ್ಕಿತು, ಐದರಿಂದ 10 ಕೆ.ಜಿ., ಮೂರರಿಂದ 11 ಕೆ.ಜಿ. ತಳಿಗೆ ರೋಗ ತಡೆಯುವ ಗುಣವಿದ್ದರೂ ಒತ್ತಾದ ಪೆಟ್ಟಿಗೆಯ ಕಾಯಿಗಳ ತಳ ಈ ಸಲವೂ ಕಪ್ಪಾಯಿತು. ಹಿತ್ತಲಿನ ಒಂದು ಬೆಳೆಯ ಲೆಕ್ಕವನ್ನು ಎಲ್ಲರಿಗೂ ಅನ್ವಯಿಸಲಾಗದು, ಆದರೂ 8 ಚದರ ಅಡಿಗೆ ಮೂರಕ್ಕಿಂತ ಹೆಚ್ಚು ಟೊಮೆಟೊ ನೆಡಲು ನಾನಂತೂ ಇನ್ನು ಒಪ್ಪಲಾರೆ.

ಮೂರು ಸಸಿಗಳನ್ನು ಒಂದೇ ಸಾಲಿನಲ್ಲಿ ಕೂರಿಸದೆ ಅಂಕುಡೊಂಕಾಗಿ ಇಟ್ಟರೆ ನಡುವೆ ಸುಮಾರು ಒಂದೂವರೆ ಅಡಿ ಸಿಗುತ್ತದೆ. ತಗಡಿನಿಂದ 8 ಇಂಚು ಒಳಗಿರಲಿ. ಏಪ್ರಿಲ್ ಬಿಸಿಲಿಗೆ ಪಶ್ಚಿಮದ ತಗಡು ಕೈ ಇಡಲಾರದಷ್ಟು ಕಾಯುತ್ತದೆ, ಅದಕ್ಕೆ ತಾಗಿದ ಬೇರುಗಳು ಕಂದಿಹೋಗಿದ್ದನ್ನು ಮಣ್ಣು ತಿರುವಿಹಾಕುವಾಗ ಕಂಡಿದ್ದೇನೆ. ಆ ಬದಿಗೆ ಈಗ ಒಳಗಿನಿಂದ ಗೋಣಿಚೀಲ ಹೊಂದಿಸಿದ್ದೇನೆ. ಸಸಿಯ ಕಾಂಡವನ್ನು ಮೊದಲ ಎಲೆಗಳವರೆಗೂ ಹೂತರೆ ಅಲ್ಲಿಂದಲೂ ಬೇರು ಒಡೆಯುತ್ತದೆ. ಮೊದಲ ಗೊಂಚಲಿನ ಕೆಳಗಿನ ಕಂಕುಳ ಚಿಗುರುಗಳನ್ನೂ ನೆಲ ಮುಟ್ಟುವ ಎಲೆಗಳನ್ನೂ ಚಿವುಟಿ, ಬುಡಕ್ಕೆ ಒಣಹುಲ್ಲು ಹೊದಿಸುತ್ತೇನೆ. ಗಿಡ್ಡ ಜಾತಿಯಾದರೆ ಹೆಚ್ಚು ಚಿವುಟಬಾರದು, ಅದರ ಕಾಯಿ ಬರುವುದೇ ಪಕ್ಕದ ಕೊಂಬೆಗಳಲ್ಲಿ.

ಪೆಟ್ಟಿಗೆಯ ಬಾಳಿಕೆಯ ಬಗ್ಗೆ ನನಗೆ ತೃಪ್ತಿಯಿದೆ. ತಗಡು ಎಲ್ಲಿಯೂ ತೂತಾಗಿಲ್ಲ; ಬೋಲ್ಟುಗಳು ಮಾತ್ರ ತುಕ್ಕು ಹಿಡಿದಿವೆ, ಅಂಚಿನ ರಬ್ಬರ್ ಬಿಸಿಲಿಗೆ ಸೀಳಿದೆ. ಉದ್ದದ ಬದಿಗಳು ಮಣ್ಣಿನ ಒತ್ತಡಕ್ಕೆ ಒಂದಿಂಚು ಹೊರಗೆ ಉಬ್ಬಿವೆ, ನಡುವೆ ಒಂದು ಅಡ್ಡ ಸರಳು ಕೊಟ್ಟಿದ್ದರೆ ಇದು ತಪ್ಪುತ್ತಿತ್ತು. ತಳವಿಲ್ಲದಿರುವುದು ದೊಡ್ಡ ಅನುಕೂಲ: ಕೆಳಗಿನ ನೆಲವನ್ನು ಗುದ್ದಲಿಯಿಂದ ಒಂದು ಅಡಿ ಸಡಿಲಿಸಿ ಮೇಲೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ತುಂಬಿದರೆ ಬೇರಿಗೆ ಎರಡಡಿ ಸಿಗುತ್ತದೆ. ಮಣ್ಣು ವರ್ಷಕ್ಕೆ ಮೂರು ನಾಲ್ಕು ಇಂಚು ಕುಸಿಯುವುದರಿಂದ ಪ್ರತಿ ಬೆಳೆಗೂ ಗೊಬ್ಬರ ಸೇರಿಸಬೇಕು. ಮೂರನೆಯ ಬೆಳೆಯಿಂದ ಒಂದು ಪೆಟ್ಟಿಗೆಯಲ್ಲಿ ಮಾತ್ರ ಟೊಮೆಟೊ ಹಾಕಿ, ಸರದಿಯ ಮೇಲೆ ಉಳಿದವುಗಳಲ್ಲಿ ಹುರುಳಿಕಾಯಿ, ಮೂಲಂಗಿ, ಸೊಪ್ಪು ಬೆಳೆಯುತ್ತಿದ್ದೇನೆ. ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಟೊಮೆಟೊದ ಬಳಗವೇ ಆದ್ದರಿಂದ ರೋಗಗಳೂ ಬಹುಪಾಲು ಒಂದೇ. ಅವನ್ನು ಈ ಸರದಿಯಿಂದ ಹೊರಗಿಟ್ಟಿದ್ದೇನೆ.

ಇದೇ ಪೆಟ್ಟಿಗೆಯನ್ನು ಪಂಜರವಿಲ್ಲದೆ, ಆ ಬೆಲೆಯನ್ನು ಕಳೆದು ಕೊಡುವುದಾದರೆ ಮತ್ತೆ ಕೊಳ್ಳುತ್ತೇನೆ. ಇರುವ ಪಂಜರಗಳಲ್ಲಿ ನೆಟ್ಟಗಿರುವ ಹತ್ತನ್ನು ಕಾಂಪೌಂಡಿನ ಪಕ್ಕ ನೆಲದಲ್ಲೇ ಬೆಳೆಸಿದ ದೊಣ್ಣೆ ಮೆಣಸಿನಕಾಯಿ ಗಿಡಗಳಿಗೆ ಇಟ್ಟಿದ್ದೇನೆ. ಎರಡಡಿ ಎತ್ತರದ ಆ ಗಿಡಗಳನ್ನು ಅವು ಚೆನ್ನಾಗಿಯೇ ಹಿಡಿದು ನಿಂತಿವೆ.