ಪಿಯುಸಿ ಇಲ್ಲದೆ ನೇರ ಡಿಗ್ರಿ ಮಾಡಿದವರೇ, ಎಲ್‌ಎಲ್‌ಬಿ ಸೀಟು ಕೊಡಿಸುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ

ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ಮಾಡದೆ, ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಬಿಎ, ಬಿಕಾಂ ಮುಗಿಸಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆ ಡಿಗ್ರಿ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಸೀಟು ಸಿಗುವುದಿಲ್ಲ. ಯಾರು ಏನೇ ಹೇಳಲಿ, ಸಿಗುವುದಿಲ್ಲ. ಕ್ಲಾಸಿನಲ್ಲಿ ಕೂರಿಸಿದರು ಅಂದ ಮಾತ್ರಕ್ಕೆ ಅಡ್ಮಿಷನ್ ಆಯಿತು ಅಂತಲ್ಲ. ನನ್ನನ್ನು ಹಾಗೆ ಕೂರಿಸಿದ್ದರು. ದುಡ್ಡು ತಗೊಂಡು ಕೂರಿಸಿದ್ದರು.

ನಾನು ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತೇನೆ. ದಾವೆ, ತಕರಾರು, ಅಫಿಡವಿಟ್ಟು, ವಕಾಲತ್ತು, ಎಲ್ಲಾ ನಾನೇ ಟೈಪ್ ಮಾಡೋದು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮನೆಯಲ್ಲಿ ಮದುವೆ ಮಾಡಿದರು. ಆಮೇಲೆ ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಪ್ರವೇಶ ಪರೀಕ್ಷೆ ಬರೆದು ಮುಕ್ತ ವಿವಿಯಲ್ಲಿ ಬಿಎ ಸೇರಿದೆ, ಪಾಸಾದೆ. ಒಳ್ಳೆಯ ಅಂಕವೇ ಬಂತು. ನಾನೂ ಕಪ್ಪು ಕೋಟು ಹಾಕಬೇಕು ಅನ್ನೋದು ನನ್ನ ಬಹಳ ವರ್ಷದ ಆಸೆ. ಅದನ್ನು ಹೇಳಿಕೊಳ್ಳೋಕೆ ನನಗೆ ಯಾವ ನಾಚಿಕೆಯೂ ಇಲ್ಲ.

ಗೊತ್ತಿದ್ದವರೊಬ್ಬರು ಒಂದು ಅಡ್ಮಿಷನ್ ಗೈಡೆನ್ಸ್ ಸೆಂಟರ್‌ನ ನಂಬರ್ ಕೊಟ್ಟರು. ಫೋನ್ ಮಾಡಿದ ಮೊದಲ ದಿನವೇ ನಾನು ಕೇಳಿದ ಮೊದಲ ಪ್ರಶ್ನೆ ಇದೇ: "ಸರ್, ನನಗೆ ಪಿಯುಸಿ ಇಲ್ಲ. ನೇರ ಡಿಗ್ರಿ. ಪರವಾಗಿಲ್ವಾ?" ಆ ಮನುಷ್ಯ ಒಂದು ಕ್ಷಣವೂ ಯೋಚಿಸಲಿಲ್ಲ. "ಮೇಡಂ, ಮೂರು ವರ್ಷದ ಕೋರ್ಸಿಗೆ ಡಿಗ್ರಿ ಕೇಳ್ತಾರೆ, ಪಿಯುಸಿ ಯಾರು ಕೇಳ್ತಾರೆ? ಪಿಯುಸಿ ಬೇಕಾಗಿರೋದು ಐದು ವರ್ಷದ ಕೋರ್ಸಿಗೆ. ನಿಮ್ಮದು ಡಿಗ್ರಿ ಪಾಸ್ ಅಲ್ವಾ? ಮುಗೀತು." ಕೇಳೋಕೆ ಎಷ್ಟು ಸರಿಯಾಗಿದೆ ನೋಡಿ. ಮೂರು ವರ್ಷದ್ದಕ್ಕೆ ಡಿಗ್ರಿ, ಐದು ವರ್ಷದ್ದಕ್ಕೆ ಪಿಯುಸಿ ಅನ್ನೋದು ನಿಜವೇ. ಆ ಒಂದು ನಿಜವನ್ನು ಮುಂದಿಟ್ಟು ಉಳಿದದ್ದನ್ನು ಮುಚ್ಚಿಟ್ಟರು.

ನಾನು ಅಷ್ಟಕ್ಕೇ ಬಿಡಲಿಲ್ಲ. ವಾಟ್ಸಾಪಿನಲ್ಲೂ ಬರೆದು ಕೇಳಿದೆ. ಉತ್ತರ ಬಂತು: "ನೋ ಪ್ರಾಬ್ಲಂ ಮೇಡಂ, ಮ್ಯಾನೇಜ್‌ಮೆಂಟ್ ಸೀಟು, ನಾವು ನೋಡ್ಕೋತೀವಿ." ನಮ್ಮ ಆಫೀಸಿನ ವಕೀಲರಿಗೂ ವಿಷಯ ಹೇಳಿದೆ. ಕಾಲೇಜಿಗೆ ಬಾರ್ ಕೌನ್ಸಿಲ್ (ವಕೀಲರನ್ನೂ ಕಾನೂನು ಶಿಕ್ಷಣವನ್ನೂ ನಿಯಂತ್ರಿಸೋ ಸಂಸ್ಥೆ) ಮಾನ್ಯತೆ ಇದೆಯಾ ನೋಡಮ್ಮ ಅಂದರು. ಮಾನ್ಯತೆ ಇತ್ತು, ವಿಶ್ವವಿದ್ಯಾಲಯದ ಪಟ್ಟಿಯಲ್ಲೂ ಹೆಸರಿತ್ತು. ಕಾಲೇಜೇನೋ ಅಸಲಿಯೇ. ಅದಕ್ಕೇ ಇನ್ನೂ ಜಾಸ್ತಿ ನಂಬಿಕೆ ಬಂತು.

ಆಮೇಲೆ ಅವಸರ ಶುರುವಾಯಿತು. "ಮೇಡಂ ನಿಮ್ಮ ವಯಸ್ಸೆಷ್ಟು? ಮುಂದಿನ ವರ್ಷ ಏಜ್ ಲಿಮಿಟ್ ಬರುತ್ತೆ, ಆಮೇಲೆ ನಾವೂ ಏನೂ ಮಾಡೋಕಾಗಲ್ಲ." ಇದೂ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಮೂರು ವರ್ಷದ ಕೋರ್ಸಿಗೆ 30, ಐದು ವರ್ಷದ್ದಕ್ಕೆ 20 ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ ತಂದಿದ್ದ ವಯೋಮಿತಿಗೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ಮೂವತ್ತು ದಾಟಿದ ಹೆಂಗಸಿಗೆ ವಯಸ್ಸಿನ ಹೆದರಿಕೆ ಹಾಕಿದರೆ ಬೇಗ ದುಡ್ಡು ಬಿಚ್ಚುತ್ತಾಳೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

85 ಸಾವಿರದ ಪ್ಯಾಕೇಜು. ಕಾಲೇಜು ಫೀಸು ಬೇರೆ. ಇದರಲ್ಲಿ "ಸೀಟ್ ಬುಕಿಂಗ್", "ವಿವಿ ಅಪ್ರೂವಲ್ ಖರ್ಚು" ಅಂತೆಲ್ಲಾ ಇತ್ತು. ಮೂರು ವರ್ಷದ ನಂತರ ಮಾಡಿಸಬೇಕಾದ ಸನ್ನದಿನ, ಅಂದರೆ ವಕೀಲರಾಗಿ ಹೆಸರು ನೋಂದಾಯಿಸೋದರ, ಖರ್ಚೂ ಈಗಲೇ ಸೇರಿಸಿದ್ದರು. ಸನ್ನದಿಗೆ ಜಾಸ್ತಿ ಖರ್ಚಾಗುತ್ತದೆ ಮೇಡಂ, ಈಗಲೇ ಕಟ್ಟಿದರೆ ಕಡಿಮೆ ಅಂದರು. ಸನ್ನದು ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ, ಸ್ಟ್ಯಾಂಪ್ ಡ್ಯೂಟಿ ಬಿಟ್ಟರೆ ಬೇರೇನೂ ಕೇಳುವಂತಿಲ್ಲ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಚೀಟಿ ಎತ್ತಿದ ದುಡ್ಡು ನನ್ನದು. ಯಾರದೋ ಸ್ವಂತ ಖಾತೆಗೆ ಹಾಕಿಸಿಕೊಂಡರು. ರಸೀದಿಯಲ್ಲಿ ಕಾಲೇಜಿನ ಹೆಸರಿಲ್ಲ, ಕೋರ್ಸಿನ ಹೆಸರಿಲ್ಲ. "ಮಾರ್ಗದರ್ಶನ ಶುಲ್ಕ, ಹಿಂದಿರುಗಿಸಲಾಗುವುದಿಲ್ಲ" ಅಂತ ಮಾತ್ರ ಇದೆ. ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನೂ ತಗೊಂಡರು. ಫಾರಂ ನಾವೇ ತುಂಬುತ್ತೇವೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಅಂದರು.

"ನಾನ್ ಅಟೆಂಡಿಂಗ್ ಮಾಡ್ಕೊಳ್ಳಿ, ಕ್ಲಾಸಿಗೆ ಬರೋದೇ ಬೇಡ" ಅಂತಲೂ ಹೇಳಿದರು. ನಾನು ಒಪ್ಪಲಿಲ್ಲ. ಶೇ. 70 ಹಾಜರಾತಿ ಬೇಕು ಅಂತ ಬಾರ್ ಕೌನ್ಸಿಲ್ ನಿಯಮ ಇದೆ, ಮತ್ತೆ ನನಗೆ ಪಾಠ ಕೇಳಬೇಕಿತ್ತು. ಆಫೀಸಿನಲ್ಲಿ ಸಂಜೆ ಕೆಲಸ ಮಾಡುತ್ತೇನೆ ಅಂತ ಒಪ್ಪಿಸಿ ಬೆಳಗ್ಗೆ ಕ್ಲಾಸಿಗೆ ಹೋದೆ. ಮೊದಲ ಬೆಂಚಿನಲ್ಲಿ ಕೂತೆ. ಕರಾರು ಕಾಯ್ದೆ ನೋಟ್ಸ್ ಬರೆದೆ. ನೆಂಟರಿಗೆಲ್ಲಾ ಗೊತ್ತಾಯಿತು. ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್‌ಗಳು "ಏನಮ್ಮ, ಇನ್ನು ಮೂರು ವರ್ಷಕ್ಕೆ ನೀನೇ ವಾದ ಮಾಡ್ತೀಯಂತೆ" ಅಂತ ಪ್ರೀತಿಯಿಂದ ಮಾತಾಡಿಸೋರು. ಅವರ ಮುಂದೆಲ್ಲಾ ಈಗ ಏನಂತ ಹೇಳಲಿ?

ಪರೀಕ್ಷೆ ಫಾರಂ ತುಂಬೋ ಸಮಯ ಬಂತು. ಕ್ಲಾಸಿನಲ್ಲಿ ಹೆಸರು ಓದಿದರು. ನನ್ನ ಹೆಸರಿಲ್ಲ. ಎಲ್ಲೋ ಬಿಟ್ಟುಹೋಗಿರಬೇಕು ಅಂತ ಕಾಲೇಜು ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಕಿ, "ನಿಮ್ಮದು ವಿವಿಯಿಂದ ರಿಜೆಕ್ಟ್ ಆಗಿದೆಯಲ್ಲಮ್ಮ" ಅಂದರು. ಯಾಕೆ ಸರ್? "10+2 ಇಲ್ಲ. ಪಿಯುಸಿ ಮಾರ್ಕ್ಸ್ ಕಾರ್ಡ್ ಕೊಟ್ಟೇ ಇಲ್ಲ ನೀವು."

"ನನ್ನ ಹತ್ರ ಇಲ್ಲ ಸರ್. ಮೊದಲೇ ಹೇಳಿದ್ದೆನಲ್ಲ."

"ಯಾರಿಗೆ ಹೇಳಿದ್ರಿ?"

ಯಾರಿಗೆ ಹೇಳಿದ್ದೆ? ಕಾಲೇಜಿನಲ್ಲಿ ಯಾರಿಗೂ ಅಲ್ಲ. ಎಲ್ಲಾ ಮಾತು ಆ ಸೆಂಟರಿನವನ ಜೊತೆಯೇ ಆಗಿತ್ತು. ಕಾಲೇಜಿಗೆ ನೀವೇನೂ ಮಾತಾಡಬೇಡಿ, ಕೋಟಾ ಸೀಟು, ತೊಂದರೆಯಾಗುತ್ತೆ ಅಂತ ಅವನೇ ಹೇಳಿದ್ದ.

ಗುಮಾಸ್ತರು ಫೈಲಿನಿಂದ ನನ್ನ ಅರ್ಜಿ ತೆಗೆದು ತೋರಿಸಿದರು. ಪಿಯುಸಿ ಕಾಲಂ ಖಾಲಿ ಇರಲಿಲ್ಲ. "ಅಂಕಪಟ್ಟಿಯನ್ನು ನಂತರ ಸಲ್ಲಿಸಲಾಗುವುದು" ಅಂತ ಬರೆದಿತ್ತು. ನನ್ನ ಅಕ್ಷರವಲ್ಲ. ನಾನು ಅದನ್ನು ಮತ್ತೆ ಮತ್ತೆ ಓದಿದೆ. ದಿನಾ ಬೇರೆಯವರ ಕಾಗದ ಪತ್ರ ಓದೋ ನನಗೆ ಆ ಒಂದು ಸಾಲು ಅರ್ಥ ಆಗೋಕೆ ಹೊತ್ತು ಬೇಕಾಗಲಿಲ್ಲ. ಪಿಯುಸಿ ಬೇಕು ಅಂತ ಅವನಿಗೆ ಮೊದಲ ದಿನವೇ ಗೊತ್ತಿತ್ತು. ನನ್ನ ಹತ್ತಿರ ಪಿಯುಸಿ ಇಲ್ಲ ಅಂತಲೂ ಗೊತ್ತಿತ್ತು. ಎರಡೂ ಗೊತ್ತಿದ್ದೇ ಆ ಸಾಲು ಬರೆದಿದ್ದ. ನನ್ನ ಹಿಂದೆ ಪರೀಕ್ಷೆ ಫಾರಂ ಹಿಡಿದು ನಿಂತಿದ್ದ ಹುಡುಗ ಹುಡುಗಿಯರೆಲ್ಲಾ ಕೇಳಿಸಿಕೊಂಡರು. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡ ಮಕ್ಕಳು. ಅವತ್ತು ಹೇಗೆ ಮನೆಗೆ ಬಂದೆನೋ.

ಈಗ ಅವರ ಉತ್ತರಗಳನ್ನು ಕೇಳಿ. ಎಲ್ಲಾ ಇಟ್ಟುಕೊಂಡಿದ್ದೇನೆ.

ಮೊದಲ ಉತ್ತರ: "ಮೀಟಿಂಗ್‌ನಲ್ಲಿದ್ದೀನಿ ಮೇಡಂ." ಆಮೇಲೆ: "ವಿವಿಯಲ್ಲಿ ಹೊಸ ಆಫೀಸರ್ ಬಂದಿದ್ದಾರೆ, ಈ ವರ್ಷದಿಂದ ರೂಲ್ಸ್ ಟೈಟ್ ಮಾಡಿದ್ದಾರೆ." ಈ ವರ್ಷದ ರೂಲ್ಸ್ ಅಂತೆ! ಇದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ, 5ನೇ ನಿಯಮದ ವಿವರಣೆಯಲ್ಲೇ ಇದೆ. ಮೂಲ ಅರ್ಹತೆ ಇಲ್ಲದೆ ಮುಕ್ತ ವಿವಿ ಪದ್ಧತಿಯಲ್ಲಿ ನೇರವಾಗಿ 10+2 ಅಥವಾ ಪದವಿ ಪಡೆದವರು ಕಾನೂನು ಕೋರ್ಸಿಗೆ ಅರ್ಹರಲ್ಲ. ಅಷ್ಟು ಸ್ಪಷ್ಟ. ದೂರಶಿಕ್ಷಣದಲ್ಲಿ ಓದಿದ್ದು ತಪ್ಪಲ್ಲ, ಅದೂ ಅಲ್ಲೇ ಇದೆ. ಹತ್ತು, ಪಿಯುಸಿ, ಡಿಗ್ರಿ ಅಂತ ಕ್ರಮವಾಗಿ ಓದಿ, ಡಿಗ್ರಿಯನ್ನು ಅಂಚೆ ಮೂಲಕ ಮಾಡಿದ್ದರೂ ನಡೆಯುತ್ತದೆ. ನಡುವೆ ಪಿಯುಸಿಯನ್ನೇ ಬಿಟ್ಟಿದ್ದರೆ ನಡೆಯುವುದಿಲ್ಲ. ಡಿಗ್ರಿಯಲ್ಲಿ ಶೇ. 45 ಬಂದಿದೆಯಾ, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಬಂದಿದೆಯಾ ಅನ್ನೋದೆಲ್ಲಾ ಆಮೇಲಿನ ಮಾತು. ಆ ಸೆಂಟರಿನವನು ಮಾತ್ರ ಪ್ರತಿ ಸಲವೂ ನನ್ನ ಪರ್ಸೆಂಟೇಜ್ ಹಿಡಿದೇ ಮಾತಾಡುತ್ತಿದ್ದ. "ನಿಮ್ಮದು 58 ಇದೆ ಮೇಡಂ, ಯಾಕೆ ಹೆದರ್ತೀರಿ?"

ದುಡ್ಡು ವಾಪಸ್ ಕೇಳಿದೆ. "ಅದು ಗೈಡೆನ್ಸ್ ಫೀಸು, ಗೈಡೆನ್ಸ್ ಕೊಟ್ಟಿದ್ದೀವಲ್ಲ."

ಮಾರ್ಕ್ಸ್ ಕಾರ್ಡ್ ಕೇಳಿದೆ. "ಬಾಕಿ ಕಟ್ಟಿ, ತಗೊಂಡು ಹೋಗಿ." ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ ಕಾಲೇಜುಗಳಿಗೇ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲಿ ಹೇಳಿದೆ. ಈ ದಲ್ಲಾಳಿಗೆ ಯಾವ ಹಕ್ಕು?

ಆಮೇಲೆ ಹೇಳಿದ ಮಾತಿದೆಯಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. "ಮೇಡಂ, ನೀವೇ ವಕೀಲರ ಆಫೀಸಲ್ಲಿ ಇರೋರು. ಕಾನೂನು ನಿಮಗೇ ಗೊತ್ತಿರಬೇಕಿತ್ತು." ಗೊತ್ತಿಲ್ಲ ಅಂತಲೇ ಅಲ್ಲವಾ ಕೇಳಿದ್ದು? ಬಾಯಲ್ಲಿ ಕೇಳಿದ್ದೆ, ಬರವಣಿಗೆಯಲ್ಲಿ ಕೇಳಿದ್ದೆ. ನೋ ಪ್ರಾಬ್ಲಂ ಅಂದವನು ಅವನು. ಪಿಯುಸಿ ಇಲ್ಲದ ಹೆಂಗಸು ಲಾ ಓದೋಕೆ ಬಂದಳಲ್ಲ ಅನ್ನೋ ತಾತ್ಸಾರ ಆ ಮಾತಿನಲ್ಲಿತ್ತು.

ಕೊನೆಗೆ ದನಿ ಬದಲಾಯಿಸಿದ. ಇದನ್ನು ಓದುವವರು ಇಲ್ಲಿ ಗಮನ ಕೊಡಿ, ಯಾಕೆಂದರೆ ದುಡ್ಡು ಹೋಗೋದಕ್ಕಿಂತ ದೊಡ್ಡ ಅಪಾಯ ಇದು. "ಒಂದು ದಾರಿ ಇದೆ ಮೇಡಂ. ಬೇರೆ ರಾಜ್ಯದ ಬೋರ್ಡಿಂದ ಪಿಯುಸಿ ಮಾಡಿಸ್ಕೊಡ್ತೀವಿ. ಒನ್ ಸಿಟ್ಟಿಂಗ್. ಪರೀಕ್ಷೆಗೂ ಹೋಗೋದು ಬೇಡ. ಇಯರ್ ಮಾತ್ರ ನಿಮ್ಮ ಡಿಗ್ರಿಗಿಂತ ಹಿಂದಿನದು ಹಾಕಿಸ್ತೀವಿ." ಅಂದರೆ ಡಿಗ್ರಿ ಸೇರುವ ಮೊದಲು ನಾನು ಪಿಯುಸಿ ಪಾಸಾಗಿದ್ದೆ ಅಂತ ಕಾಗದದಲ್ಲಿ ತೋರಿಸೋದು! ಅದಕ್ಕೆ ಇನ್ನೊಂದಷ್ಟು ಸಾವಿರ.

ಆಗ ನನಗೆ ಅವರ ಇಡೀ ವ್ಯಾಪಾರ ಅರ್ಥವಾಯಿತು. ಮೊದಲು ಸೀಟು ಅಂತ ದುಡ್ಡು. ರಿಜೆಕ್ಟ್ ಆಗುತ್ತದೆ ಅಂತ ಗೊತ್ತಿದ್ದೂ ಕ್ಲಾಸಿನಲ್ಲಿ ಕೂರಿಸೋದು. ನಾವು ಊರಿಗೆಲ್ಲಾ ಹೇಳಿಕೊಂಡು, ಹಿಂದೆ ಹೋಗೋಕೆ ನಾಚಿಕೆಯಾಗೋ ಹಂತಕ್ಕೆ ಬಂದಾಗ ನಕಲಿ ಸರ್ಟಿಫಿಕೇಟ್ ಮಾರೋದು. "ನಂತರ ಸಲ್ಲಿಸಲಾಗುವುದು" ಅಂತ ಬರೆದಿದ್ದು ಅದಕ್ಕೇ.

ಅಂಥದ್ದನ್ನು ತಗೊಂಡರೆ ಏನಾಗುತ್ತದೆ ಗೊತ್ತಾ? ನಕಲಿ ಅಂತ ಗೊತ್ತಿದ್ದೂ ಅಸಲಿ ಎಂದು ಬಳಸಿದವರಿಗೆ, ಅದನ್ನು ಸೃಷ್ಟಿಸಿದವರಿಗೆ ಇರೋ ಶಿಕ್ಷೆಯೇ ಇದೆ. ಭಾರತೀಯ ನ್ಯಾಯ ಸಂಹಿತೆ 340ನೇ ಕಲಂ ನೋಡಿ. ಸನ್ನದು ಸಿಕ್ಕ ಮೇಲೂ ಬಚಾವಾಗೋಕೆ ಆಗಲ್ಲ. ವಕೀಲರ ಸರ್ಟಿಫಿಕೇಟುಗಳ ಪರಿಶೀಲನೆಗೆ 2015ರಿಂದ ಬೇರೆಯದೇ ನಿಯಮಗಳಿವೆ. 2023ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆಂದೇ ನಿವೃತ್ತ ನ್ಯಾಯಮೂರ್ತಿ ದೀಪಕ್ ಗುಪ್ತಾ ಅವರ ನೇತೃತ್ವದ ಸಮಿತಿ ಮಾಡಿತು. ಮೂರು ವರ್ಷ ಓದಿ, ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಿ, ಕೋಟು ಹಾಕಿದ ಮೇಲೆ ಒಂದು ದಿನ ಎಲ್ಲರ ಮುಂದೆ ಕೋಟು ಬಿಚ್ಚಬೇಕು. ನಾನು ಬೇಡ ಅಂದೆ. ಬೇಡ ಅಂದ ಮೇಲೆ ಅವನು ಫೋನ್ ಎತ್ತೋದೇ ನಿಲ್ಲಿಸಿದ.

ಕಾಲೇಜಿನವರ ಮೇಲೂ ನನಗೆ ಸಿಟ್ಟಿದೆ. ಪಿಯುಸಿ ಅಂಕಪಟ್ಟಿ ಇಲ್ಲದ ಅರ್ಜಿ ಇಟ್ಟುಕೊಂಡು, ಫೀಸು ಕಟ್ಟಿಸಿಕೊಂಡು, ವಿವಿ ಉತ್ತರ ಬರೋವರೆಗೆ ಒಂದು ಮಾತೂ ಆಡಲಿಲ್ಲ. ಕೇಳಿದರೆ, "ಅರ್ಜಿಯಲ್ಲಿ ಓದಿಲ್ವಾ, ಅಡ್ಮಿಷನ್ ವಿವಿ ಅನುಮೋದನೆಗೆ ಒಳಪಟ್ಟಿದೆ" ಅಂತಾರೆ. ಅವರ ಕೈಲಿದ್ದದ್ದು ಒಂದೇ ಕೆಲಸ: ಕೌಂಟರಿನಲ್ಲಿ "ಅಮ್ಮಾ, ಪಿಯುಸಿ ಎಲ್ಲಿ?" ಅಂತ ಮೊದಲ ದಿನ ಕೇಳೋದು.

ಆದ್ದರಿಂದ, ನಡುವಿನವರನ್ನು ಬಿಡಿ. ಕಾಲೇಜಿನ ಆಫೀಸಿಗೆ ನೀವೇ ಹೋಗಿ, ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೆ ಜೆರಾಕ್ಸ್ ಮುಂದಿಡಿ, ನಾನು ಅರ್ಹಳಾ ಅಂತ ಬರವಣಿಗೆಯಲ್ಲಿ ಕೇಳಿ. ನಮ್ಮ ರಾಜ್ಯದಲ್ಲಿ ಹೆಚ್ಚಿನ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿಗೇ ಪತ್ರ ಬರೆದು ಕೇಳಿದರೂ ಆಯಿತು. ಒರಿಜಿನಲ್ ಯಾರ ಕೈಗೂ ಕೊಡಬೇಡಿ. ಕಾಲೇಜಿನ ಜೊತೆ ನೀವು ಮಾತಾಡಬೇಡಿ ಅಂತ ಯಾರಾದರೂ ಅಂದರೆ ಅಲ್ಲಿಂದಲೇ ಎದ್ದು ಬನ್ನಿ.

ನನ್ನ ಮಾರ್ಕ್ಸ್ ಕಾರ್ಡುಗಳು ವಾಪಸ್ ಬಂದವು. ನಮ್ಮ ವಕೀಲರು ಲೀಗಲ್ ನೋಟಿಸ್ ಕಳಿಸಿದ ಮೇಲೆ ಕೊರಿಯರ್‌ನಲ್ಲಿ ಕಳಿಸಿದರು, ಒಂದು ಕಾಗದವೂ ಜೊತೆಗಿರಲಿಲ್ಲ. ದುಡ್ಡು ಬಂದಿಲ್ಲ. ವಂಚನೆ ಅಂತ ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ವಾಟ್ಸಾಪ್ ಮಾತುಗಳನ್ನೆಲ್ಲಾ ಪ್ರಿಂಟ್ ಹಾಕಿ ಜೊತೆಗಿಟ್ಟಿದ್ದೇನೆ. ದೂರನ್ನು ನಾನೇ ಟೈಪ್ ಮಾಡಿದೆ.

ಓದೋದು ಬಿಟ್ಟಿಲ್ಲ. ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಕಟ್ಟುತ್ತಿದ್ದೇನೆ. ಪಿಯುಸಿ ಆದ ಮೇಲೆ ಡಿಗ್ರಿಯನ್ನೇ ಮತ್ತೆ ಮಾಡಿ ಮೂರು ವರ್ಷದ ಎಲ್‌ಎಲ್‌ಬಿ ಸೇರಿದರೆ ಆರು ವರ್ಷ. ಐದು ವರ್ಷದ ಕೋರ್ಸೇ ಬೇಗ ಮುಗಿಯುತ್ತದೆ, ಅದಕ್ಕೆ ಡಿಗ್ರಿ ಬದಲು ಪಿಯುಸಿಯಲ್ಲಿ ಮೇಲೆ ಹೇಳಿದ 45, 42, 40ರ ಲೆಕ್ಕದಲ್ಲೇ ಅಂಕ ಬೇಕು. ನನ್ನ ಹಾಗೆ ನೇರ ಡಿಗ್ರಿ ಮಾಡಿದವರು ಬೇಕಾದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲೂ ಹನ್ನೆರಡನೇ ತರಗತಿ ಬರೆಯಬಹುದು. ಅದೇ ಸೆಂಟರಿನವರು ಈ ವರ್ಷವೂ ಜಾಹೀರಾತು ಹಾಕಿದ್ದಾರೆ, "ಪಿಯುಸಿ ಇಲ್ಲದಿದ್ದರೂ ಎಲ್‌ಎಲ್‌ಬಿ" ಅಂತ. ಅದರ ಫೋಟೋ ತೆಗೆದು ಅದನ್ನೂ ದೂರಿನ ಜೊತೆ ಕೊಟ್ಟಿದ್ದೇನೆ. ನಿಮಗೂ ಯಾರಾದರೂ ಇದೇ ಮಾತು ಹೇಳಿ ದುಡ್ಡು ತಗೊಂಡಿದ್ದರೆ ನೀವೂ ಹೋಗಿ ದೂರು ಕೊಡಿ.