ಪಾಳು ಕಾಲುವೆಗೆ ಬೆಂಟೊನೈಟ್ ಚಾಪೆ: ಕಾರ್ಖಾನೆ ಆವರಣದಲ್ಲಿ ಎಷ್ಟು ನಂಬಬಹುದು?

ನಡೆಯುತ್ತಿರುವ ಕಾರ್ಖಾನೆಯ ನಡುವೆ ಹಾದುಹೋಗುವ ಪಾಳು ಕಾಲುವೆಗೆ ಮತ್ತೆ ನೀರು ಬಿಡುವಾಗ ಸೋರಿಕೆಯೇ ದೊಡ್ಡ ತಲೆನೋವು. ಹಿಂದೆ ಅರ್ಧ ಮೀಟರಿಗೂ ದಪ್ಪವಾಗಿ ಜೇಡಿಮಣ್ಣು ತುಳಿದು ಮೆತ್ತುತ್ತಿದ್ದರು. ಎರಡು ಜಿಯೋಟೆಕ್ಸ್‌ಟೈಲ್ (ಮಣ್ಣಿನಡಿ ಹಾಸುವ ಸಿಂಥೆಟಿಕ್) ಬಟ್ಟೆಗಳ ನಡುವೆ ಸೋಡಿಯಂ ಬೆಂಟೊನೈಟ್, ಅಂದರೆ ನೀರು ಹೀರಿ ಉಬ್ಬಿ ಸೋರಿಕೆ ತಡೆಯುವ ಜೇಡಿಮಣ್ಣಿನ ಪುಡಿ, ಇಟ್ಟು ಹೊಲಿದ ಬೆಂಟೊನೈಟ್ ಚಾಪೆ ಒಣಗಿದ್ದಾಗ ಬೆರಳಿನಷ್ಟೂ ದಪ್ಪವಿಲ್ಲ. ಅಗೆತ ಕಡಿಮೆ, ಮಣ್ಣಿನ ಲಾರಿಗಳೂ ಕಡಿಮೆ; ಕೆಲಸ ನಿಲ್ಲಿಸಲಾಗದ ಆವರಣಕ್ಕೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ.

ತಳದ ಹೂಳು, ಬೇರು, ಕಬ್ಬಿಣದ ಚೂರು ತೆಗೆದು ರೋಲರ್ ಹೊಡೆಯಿರಿ. ಅಂಚುಗಳು 300 ಮಿ.ಮೀ. ಒಂದರ ಮೇಲೊಂದು ಬರಲಿ, ನಡುವೆ ಬೆಂಟೊನೈಟ್ ಪುಡಿ ಉದುರಿಸಿ. ಹಾಸಿದ ದಿನವೇ ಕನಿಷ್ಠ 300 ಮಿ.ಮೀ. ಮಣ್ಣು ಮುಚ್ಚಲೇಬೇಕು. ಮೇಲೆ ಭಾರವಿಲ್ಲದೆ ಮಳೆಗೆ ನೆನೆದರೆ ಒಳಗಿನ ಪುಡಿ ಲೋಳೆಯಂತಾಗಿ ಉಬ್ಬುತ್ತದೆ, ಕಾಲಿಟ್ಟ ಕಡೆ ಪಕ್ಕಕ್ಕೆ ಸರಿದು ತೆಳುವಾಗುತ್ತದೆ. ಆ ತುಂಡನ್ನು ಬದಲಿಸುವುದೇ ದಾರಿ.

ಇದರ ನಿಜವಾದ ಶತ್ರು ಕ್ಯಾಲ್ಸಿಯಂ. ಸೋಡಿಯಂ ಜಾಗಕ್ಕೆ ಅದು ಸೇರಿಕೊಂಡರೆ ಉಬ್ಬುವ ಗುಣ ಕುಗ್ಗಿ, ನೀರು ಮೆಲ್ಲಗೆ ದಾರಿ ಹುಡುಕುತ್ತದೆ. ಸುಲಭವಾಗಿ ಸಿಗುತ್ತದೆಂದು ಪುಡಿಮಾಡಿದ, ಕ್ಯಾಲ್ಸಿಯಂ ಹೆಚ್ಚಿರುವ ಹಳೇ ಕಾಂಕ್ರೀಟನ್ನು ಮೇಲ್ಹೊದಿಕೆಗೆ ಸುರಿಯುವುದು ದೊಡ್ಡ ತಪ್ಪು. ಖರೀದಿಗೆ ಮೊದಲೇ ಆ ಜಾಗದ ನೀರಿನಲ್ಲಿ ಬೆಂಟೊನೈಟ್ ಎಷ್ಟು ಉಬ್ಬುತ್ತದೆಂದು ಲ್ಯಾಬಿನಲ್ಲಿ ನೋಡಿಸಿ.

ಕಾರ್ಖಾನೆಯ ಪೈಪುಗಳು ದಡ ಸೀಳಿ ಬರುವ ಕಡೆ ಸುತ್ತಲೂ ಬೆಂಟೊನೈಟ್ ಪೇಸ್ಟ್ ತುಂಬಿ, ಕಾಲರ್‌ನಂತೆ ಇನ್ನೊಂದು ತುಂಡು ಸುತ್ತಬೇಕು. ಅಂತರ್ಜಲ ಮೇಲಿದ್ದರೆ, ಕಾಲುವೆ ಬರಿದಾದಾಗ ಚಾಪೆಯನ್ನೇ ಎತ್ತಿಬಿಡುತ್ತದೆ. ಅಂಥಲ್ಲಿ ಅಡಿಯಲ್ಲಿ ಬಸಿಗಾಲುವೆ ಬೇಕು.