ವಿಲ್ಮಾ ರುಡಾಲ್ಫ್, ಜೆಸ್ಸಿ ಓವೆನ್ಸ್: ಯಾವ ತರಗತಿಗೆ ಯಾರ ಕಥೆ?

ಅಮೆರಿಕದ ವರ್ಣಭೇದದ ಇತಿಹಾಸವನ್ನು ಕ್ರೀಡಾಪಟುವಿನ ಬದುಕಿನ ಮೂಲಕ ಕಲಿಸುವುದಾದರೆ, ಮೂರು-ನಾಲ್ಕನೇ ತರಗತಿಗೆ ನಾನು ಕಪ್ಪುವರ್ಣೀಯ ಓಟಗಾರ್ತಿ ವಿಲ್ಮಾರನ್ನು ಆರಿಸುತ್ತೇನೆ. ಪೋಲಿಯೊದಿಂದ ಕಾಲು ಸೊರಗಿದ್ದ ಹುಡುಗಿ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದದ್ದು ಹೆಚ್ಚಿನ ವಿವರಣೆಯಿಲ್ಲದೆಯೇ ಮನಸ್ಸಿಗಿಳಿಯುತ್ತದೆ. ತವರೂರು ಕ್ಲಾರ್ಕ್ಸ್‌ವಿಲ್‌ನಲ್ಲಿ ಕಪ್ಪುವರ್ಣೀಯರನ್ನೂ ಬಿಳಿಯರನ್ನೂ ಬೇರ್ಪಡಿಸುವ ಸನ್ಮಾನ ಬೇಡವೆಂದು ಅವರು ಪಟ್ಟು ಹಿಡಿದರು. ಮೆರವಣಿಗೆಯಲ್ಲಿ ಎಲ್ಲರೂ ಒಂದಾದರು. ಬೇರ್ಪಡಿಸುತ್ತಿದ್ದುದೇಕೆ ಎಂದು ಮಕ್ಕಳು ಕೇಳಿದರೆ ಪಾಠ ಶುರುವಾದಂತೆಯೇ.

ಅಮೆರಿಕದ ಇನ್ನೊಬ್ಬ ಕಪ್ಪುವರ್ಣೀಯ ಕ್ರೀಡಾಪಟು ಓವೆನ್ಸ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದರು. ಇಲ್ಲಿ ಹಿಟ್ಲರ್, ನಾಜಿ ಜನಾಂಗವಾದ ಎಲ್ಲವನ್ನೂ ವಿವರಿಸಬೇಕು, ಸಮಯ ಹಿಡಿಯುತ್ತದೆ. ಆರು-ಏಳನೇ ತರಗತಿಯಲ್ಲಿ, ಎರಡನೇ ಮಹಾಯುದ್ಧದ ಪಾಠದ ಜೊತೆಗೆ ಅವರೇ ಸೂಕ್ತ. ದಯವಿಟ್ಟು ಕಥೆಯನ್ನು ಬರ್ಲಿನ್‌ನಲ್ಲೇ ನಿಲ್ಲಿಸಬೇಡಿ: ಗೆದ್ದು ಮರಳಿದ ಸ್ವದೇಶದಲ್ಲೂ ಅವರಿಗೆ ಸಮಾನತೆ ಸಿಗಲಿಲ್ಲ.